ಪ್ರಾರ್ಥನೆಗೆ ಮಾತೇ ಬರುತ್ತಿಲ್ಲ: ಕಷ್ಟದಲ್ಲಿ ನಂಬಿಕೆ ಹಿಡಿದುಕೊಂಡವರು ದಯವಿಟ್ಟು ಹೇಳಿ

ಬೈತಖೋಲ್ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವಳೇ ಹೊರತು ಬರೆಯುವವಳಲ್ಲ. ಇವತ್ತು ಕೇಳದೆ ಇರಲಾಗಲಿಲ್ಲ.

ನಮ್ಮ ಮನೆಯವರು ದೊಡ್ಡ ಬಲೆಯ ಪರ್ಸೀನ್ ಬೋಟಿನಲ್ಲಿ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವವರು. ಬಿಪಿಯಿಂದ ಶುರುವಾದದ್ದು, ಎರಡೂ ಕಿಡ್ನಿ ಹೋದವು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಡಯಾಲಿಸಿಸ್ ಸೂಜಿ ಹಾಕಲು ಎಡಗೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ, ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ. ಕುಡಿಯುವ ನೀರಿಗೂ ಅಳತೆ. ಎಳನೀರು ಬೇಡ, ಒಣಮೀನು ಬೇಡ, ಉಪ್ಪಿನಕಾಯಿ ಬೇಡ. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಎಂಥ ಶಿಕ್ಷೆ ಅಂತ ನಿಮಗೇ ಗೊತ್ತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಬಂದ್ ಇರುತ್ತದಲ್ವಾ, ಆಗ ಕೈ ಕಟ್ಟಿ ಕೂರುವುದು ನಮಗೆ ರೂಢಿ. ಈಗ ವರ್ಷವಿಡೀ ಹಾಗೇ.

ಇಗರ್ಜಿ ಬಿಟ್ಟಿಲ್ಲ. ಭಾನುವಾರ ಪೂಜೆಗೆ ಹೋಗುತ್ತೇನೆ. ಹಾಡು ಶುರುವಾದರೆ ಗಂಟಲು ಕಟ್ಟುತ್ತದೆ. ಮನೆಯಲ್ಲಿ ಸಂಜೆ ತೇರ್ಸ (ಜಪಸರದ ಪ್ರಾರ್ಥನೆ) ಮಕ್ಕಳೇ ಹೇಳುತ್ತಾರೆ, ನಾನು ಮಣಿ ಮಾತ್ರ ಸರಿಸುತ್ತೇನೆ. ಬಂದವರೆಲ್ಲ "ದೇವರ ಚಿತ್ತ" ಅನ್ನುತ್ತಾರೆ. ಅವರು ಹೋದ ಮೇಲೆ ಆ ಮಾತು ಎದೆಯ ಮೇಲೆ ಕೂತುಬಿಡುತ್ತದೆ. ದೇವರಿಲ್ಲ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಇದ್ದೂ ಯಾಕೆ ಸುಮ್ಮನಿದ್ದಾನೆ ಅನ್ನುವುದೇ ಸಂಕಟ.

ನಿಮ್ಮಲ್ಲಿ ಇಂಥದ್ದನ್ನು ದಾಟಿದವರು ಇರಬಹುದು. ಸಮಾಧಾನ ಎಲ್ಲಿಂದ ಬಂತು? ಇದಕ್ಕೆಲ್ಲ ಏನಾದರೂ ಅರ್ಥ ಇದೆ ಅಂತ ಯಾವಾಗ ಅನಿಸಿತು? ಉಪದೇಶ ಬೇಡ. ಬದುಕಿದ್ದನ್ನು ಹೇಳಿ.

ಕಡಲತೀರದ ದೀಪ

ಅಕ್ಕ, ಧೈರ್ಯವಾಗಿರಿ. ರೋಮಾಪುರದವರಿಗೆ ಬರೆದ ಪತ್ರ 8ನೇ ಅಧ್ಯಾಯ 28ನೇ ವಚನ ಓದಿ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ. ಹೊರಲಾರದ ಭಾರವನ್ನು ದೇವರು ಯಾರಿಗೂ ಕೊಡುವುದಿಲ್ಲ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಕುಮಟಾ ಮೇಷ್ಟ್ರು

ದೀಪ ಅವರೇ, ನಿಮ್ಮ ಮನಸ್ಸು ಒಳ್ಳೆಯದು. ಆದರೂ ಒಂದು ಮಾತು ಹೇಳಲೇಬೇಕು. "ಹೊರಲಾರದ ಭಾರ ಕೊಡುವುದಿಲ್ಲ" ಅನ್ನುವ ಮಾತು ಬೈಬಲಿನಲ್ಲಿ ಹಾಗೆ ಇಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ 10:13ರಿಂದ ಜನ ಅದನ್ನು ಮಾಡಿಕೊಂಡಿದ್ದಾರೆ. ಅಲ್ಲಿ ಆ ಪತ್ರ ಬರೆದ ಪೌಲ ಹೇಳುತ್ತಿರುವುದು ಪಾಪಕ್ಕೆ ಎಳೆಯುವ ಶೋಧನೆಯ ಬಗ್ಗೆ. ಕಷ್ಟದ ಬಗ್ಗೆ ಅದೇ ಪೌಲ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲೇ ಬೇರೆ ಮಾತು ಬರೆದಿದ್ದಾನೆ. ಆಸ್ಯ ಸೀಮೆಯಲ್ಲಿ ನಮ್ಮ ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅನ್ನುತ್ತಾನೆ. ಅಪೊಸ್ತಲನಿಗೇ ಹೊರಲಾಗದ ಭಾರ ಬಂದಿತ್ತು. ಹಾಗಿರುವಾಗ ಬೈತಖೋಲಿನ ಹೆಣ್ಣುಮಗಳೊಬ್ಬಳು ಕುಸಿದರೆ ಅದು ನಂಬಿಕೆಯ ಕೊರತೆ ಹೇಗಾದೀತು?

ತಂಗಿ, ದೀಪ ಅವರು ಕೊಟ್ಟ ಅದೇ ರೋಮಾಪುರದ ಪತ್ರದಲ್ಲಿ ಎರಡು ವಚನ ಹಿಂದಕ್ಕೆ ಹೋಗು. 8:26. ಹೇಗೆ ಪ್ರಾರ್ಥಿಸಬೇಕೋ ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮ್ಮ ಪರವಾಗಿ ಬೇಡಿಕೊಳ್ಳುತ್ತಾನೆ ಅಂತ ಇದೆ. ನಿನ್ನ ಗಂಟಲು ಕಟ್ಟುತ್ತದಲ್ಲ, ಅದೂ ಪ್ರಾರ್ಥನೆಯೇ. ಜಪಸರದ ಮಣಿ ಸರಿಸುವುದೂ ಪ್ರಾರ್ಥನೆಯೇ. ಮಾತು ಮಕ್ಕಳದ್ದಾದರೂ ಸಾಕು.

ಎಲ್ಲ ಕಳೆದುಕೊಂಡು ನರಳಿದ ಯೋಬನ ಪುಸ್ತಕ ಬೈಬಲಿನಲ್ಲಿ ಒಮ್ಮೆ ಪೂರ್ತಿ ಓದಿ ನೋಡು. ಸುಮ್ನೆ ಮೊದಲ ಎರಡು ಅಧ್ಯಾಯ, ಕೊನೆಯ ಒಂದು ಅಧ್ಯಾಯ ಓದಿದರೆ ಪ್ರಯೋಜನ ಇಲ್ಲ. ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅಲ್ಲಿಯ ತನಕ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಬಾಯಿ ತೆರೆದು "ನೀನೇನೋ ಪಾಪ ಮಾಡಿರಬೇಕು" ಅಂತ ಕಾರಣ ಹುಡುಕತೊಡಗಿದಾಗ ಎಲ್ಲ ಕೆಟ್ಟಿತು. ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ದೇವರ ಎದುರೇ ಕೂಗಾಡಿದ ಯೋಬನು ಸರಿಯಾಗಿ ಮಾತಾಡಿದ್ದಾನೆ ಅನ್ನುತ್ತಾನೆ. ಮತ್ತೆ, ಯಾಕೆ ಹೀಗಾಯಿತು ಅಂತ ಯೋಬನಿಗೆ ಕೊನೆಗೂ ಹೇಳುವುದಿಲ್ಲ.

ಹೊನ್ನಾವರ ನರ್ಸ್

ಅಕ್ಕ, ನಾನು ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡಿದವಳು. ಮೊದಲು ನಿಮ್ಮನ್ನು ಕೇಳುತ್ತೇನೆ, ನೀವು ಊಟ ಮಾಡುತ್ತಿದ್ದೀರಾ? ನಿದ್ದೆ ಬರುತ್ತಾ? ರೋಗಿಯ ಬಿಪಿ, ತೂಕ ಎಲ್ಲ ನಾವು ಬರೆದಿಡುತ್ತೇವೆ. ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿಯನ್ನು ಯಾರೂ ಕೇಳುವುದಿಲ್ಲ.

ಎಲೀಯನ ಕಥೆ ನನಗೆ ತುಂಬ ಇಷ್ಟ. ಅರಸುಗಳ ಮೊದಲನೆಯ ಪುಸ್ತಕ, 19ನೇ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ಒಂದು ಗಿಡದ ಕೆಳಗೆ ಬಿದ್ದುಕೊಂಡು "ಸಾಕು, ನನ್ನ ಪ್ರಾಣ ತೆಗೆದುಕೋ" ಅನ್ನುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ವಚನ ಹೇಳುವುದಿಲ್ಲ. ರೊಟ್ಟಿ ಕೊಡುತ್ತಾನೆ, ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ. ಎರಡನೆಯ ಸಲ ಎಬ್ಬಿಸಿ ಮತ್ತೆ ಊಟ. ದಾರಿ ದೂರ ಇದೆ, ತಿನ್ನು ಅನ್ನುತ್ತಾನೆ. ದೇವರ ಸಮಾಧಾನ ಹಲವು ಸಲ ಹೀಗೆ ಗಂಜಿಯ ರೂಪದಲ್ಲೇ ಬರುತ್ತದೆ ಅಂತ ನನ್ನ ನಂಬಿಕೆ.

ಇನ್ನೊಂದು. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. 2016ರಲ್ಲಿ ಘೋಷಣೆಯಾದ ಕೇಂದ್ರದ ಯೋಜನೆ ಇದೆ. ಮಾಡಿಸಿಕೊಂಡಿದ್ದೀರಿ ಅಂದುಕೊಳ್ಳುತ್ತೇನೆ, ಇಲ್ಲದಿದ್ದರೆ ಹೇಳಿ.

ಅರ್ಥದ ಬಗ್ಗೆ ಕೇಳಿದಿರಿ. ನರ್ಸಿಂಗ್ ಓದುವಾಗ ಡಾಕ್ಟರ್ ಮೇರಿ ವರ್ಗೀಸ್ ಅವರ ಬಗ್ಗೆ ತಿಳಿಯಿತು. ಕೇರಳದವರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ಆಗಿದ್ದವರು. 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವರೂ ಮೊದಲು ಸಾಯಬಾರದಿತ್ತೇ ಅಂತ ಅತ್ತವರೇ. ಆಮೇಲೆ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಮಡಚಿಹೋದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಮೆರಿಕದಲ್ಲಿ ತರಬೇತಿ ಪಡೆದು ಬಂದು, ಅಂಗವಿಕಲರನ್ನು ಮತ್ತೆ ಬದುಕಿಗೆ ಸಜ್ಜು ಮಾಡುವ ವೈದ್ಯಕೀಯ ವಿಭಾಗವನ್ನು ವೆಲ್ಲೂರಿನಲ್ಲಿ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು. ಅಪಘಾತ ಒಳ್ಳೆಯದಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅಪಘಾತ ಕೆಟ್ಟದ್ದೇ. ಅದು ಕೊನೆಯ ಮಾತಾಗಲು ದೇವರು ಬಿಡಲಿಲ್ಲ ಅಷ್ಟೇ.

ಹೆಸರು ಬೇಡ

ಇಲ್ಲಿ ಹೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಪ್ರಾರ್ಥನಾ ಕೂಟದವರು ಮನೆಗೆ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ವಾಸಿಯಾಗಿದೆ ಅಂತ ನಂಬಿ, ಇನ್ಸುಲಿನ್ ತೆಗೆದುಕೊಂಡರೆ ಅದು ಅವಿಶ್ವಾಸ ಅಂದರು. ಅಮ್ಮ ಬಿಟ್ಟಳು. ಐಸಿಯುಗೆ ಹೋಗಬೇಕಾಯಿತು. ಬದುಕಿದಳು. ಆದರೆ ಈಗಲೂ "ನನ್ನ ನಂಬಿಕೆ ಸಾಲಲಿಲ್ಲ" ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ನನಗೆ ಅದೇ ಜಾಸ್ತಿ ನೋವು.

ಹೊನ್ನಾವರ ನರ್ಸ್

ತಂಗಿ, ಇದನ್ನು ಓದಿ ಮೈ ಉರಿಯಿತು. ಎಲ್ಲರೂ ಗಮನಿಸಿ: ಇನ್ಸುಲಿನ್, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ, ಡಯಾಲಿಸಿಸ್ ಯಾವುದನ್ನೂ ಯಾರ ಮಾತು ಕೇಳಿಯೂ ಬಿಡಬೇಡಿ. ಡಯಾಲಿಸಿಸ್ ತಪ್ಪಿಸಿದರೆ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಪ್ರಾರ್ಥನೆ ಮಾಡಿ, ಮಾತ್ರೆಯನ್ನೂ ನುಂಗಿ. ಎರಡನ್ನೂ ಕೊಟ್ಟವನು ಒಬ್ಬನೇ.

ಕುಮಟಾ ಮೇಷ್ಟ್ರು

ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳು ಮಗಳೇ. ಪೌಲನ ಜೊತೆಗಿದ್ದ ಲೂಕ ವೈದ್ಯ. ಪೌಲ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರೆದ, ನಂಬಿಕೆ ಸಾಲದು ಅನ್ನಲಿಲ್ಲ. ಜೊತೆಗಾರ ತ್ರೊಫಿಮನನ್ನು ಮಿಲೇತ ಎಂಬ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಹೋಗಬೇಕಾಯಿತು. ಪೌಲನಿಗೇ ಶರೀರದಲ್ಲಿ ಮುಳ್ಳಿತ್ತು. ತೆಗೆ ಅಂತ ಮೂರು ಸಲ ಬೇಡಿದ, ದೇವರು ತೆಗೆಯಲಿಲ್ಲ. ನನ್ನ ಕೃಪೆ ಸಾಕು ಅಂದ. ಇವರೆಲ್ಲರ ನಂಬಿಕೆ ಕಡಿಮೆಯಾಗಿತ್ತು ಅನ್ನುವ ಧೈರ್ಯ ಯಾರಿಗಿದೆ? ಯೇಸುಸ್ವಾಮಿಯೇ ಶಿಲುಬೆಗೆ ಹೋಗುವ ಮುಂಚೆ ಗೆತ್ಸೇಮನೆಯಲ್ಲಿ ಈ ಸಂಕಟದ ಪಾತ್ರೆ ತೆಗೆದುಬಿಡು ಅಂತ ಬೇಡಿದರು. ತೆಗೆಯಲಿಲ್ಲ.

ಅಂಕೋಲಾ 66

ಮೇಷ್ಟ್ರೇ, ಒಂದು ಪ್ರಶ್ನೆ ಇದೆ. ನಮ್ಮ ಮನೆ ಗಂಗಾವಳಿ ದಂಡೆಯಲ್ಲಿ. 16 ಜುಲೈ 2024ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದಿದ್ದು ಎಲ್ಲರಿಗೂ ಗೊತ್ತು. ಮಣ್ಣು ನದಿಗೆ ನುಗ್ಗಿ, ಆಚೆ ದಡದ ಉಳುವರೆ ಊರಿಗೂ ನೀರು ಅಪ್ಪಳಿಸಿತು. ಚಹಾ ಕುಡಿಯಲು ನಿಂತವರು, ಲಾರಿಯಲ್ಲಿ ಮಲಗಿದ್ದವರು, ಮನೆಯಲ್ಲಿದ್ದವರು. ಅವರಲ್ಲಿ ನನಗೆ ಮುಖ ಪರಿಚಯ ಇದ್ದವರಿದ್ದರು. ಕೊನೆಯ ಲಾರಿಯನ್ನು ನದಿಯಿಂದ ಎತ್ತುವಾಗ ಸೆಪ್ಟೆಂಬರ್ ಆಗಿತ್ತು.

ಆ ದಿನಗಳಲ್ಲಿ ಕೆಲವರು "ಪಾಪದ ಕೊಡ ತುಂಬಿತ್ತು" ಅಂದರು. ನಮ್ಮವರೂ ಅಂದರು, ಬೇರೆಯವರೂ ಅಂದರು. ನನಗೆ ಅದನ್ನು ಕೇಳಲಾಗಲಿಲ್ಲ. ಕಡಿದಾಗಿ ಕತ್ತರಿಸಿದ ಗುಡ್ಡ, ಬಿಡದೆ ಸುರಿದ ಮಳೆ, ಇಷ್ಟು ನನಗೆ ಕಾಣುತ್ತದೆ. ದೇವರು ಅಲ್ಲಿ ಎಲ್ಲಿದ್ದ?

ಕುಮಟಾ ಮೇಷ್ಟ್ರು

ಆ ಮಾತನ್ನು ಯೇಸುಸ್ವಾಮಿಯ ಎದುರೂ ಜನ ತಂದಿದ್ದರು ತಮ್ಮಾ. ಲೂಕನ ಸುವಾರ್ತೆ 13ನೇ ಅಧ್ಯಾಯ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ? ಹಾಗಲ್ಲ ಅಂತ ಸ್ವಾಮಿ ಖಡಾಖಂಡಿತ ಹೇಳಿದರು. ಹುಟ್ಟುಕುರುಡನನ್ನು ತೋರಿಸಿ ಪಾಪ ಇವನದೋ ಅಪ್ಪ ಅಮ್ಮನದೋ ಅಂತ ಶಿಷ್ಯರು ಕೇಳಿದಾಗಲೂ ಯಾರದ್ದೂ ಅಲ್ಲ ಅಂದರು. ಕಾರಣದ ಲೆಕ್ಕ ಹಾಕುವ ಬದಲು ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು.

ದೇವರು ಎಲ್ಲಿದ್ದ ಅಂತ ಕೇಳಿದೆ. ನನಗೆ ಗೊತ್ತಿರುವ ಉತ್ತರ ಯೇಸುವಿನ ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ಇದೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುವುದು ಯೇಸುವಿಗೆ ಗೊತ್ತಿತ್ತು. ಆದರೂ ಲಾಜರನ ಸೋದರಿ ಮರಿಯಳು ಅಳುವುದನ್ನು ನೋಡಿ ಅವರೂ ಅತ್ತರು. ನಮ್ಮ ದೇವರು ಮೇಲಿಂದ ನೋಡುತ್ತಾ ಕೂತವನಲ್ಲ. ಅಳುವವರ ಗುಂಪಿನಲ್ಲಿ ನಿಂತವನು. ಶಿಲುಬೆಯ ಮೇಲೆ "ಯಾಕೆ ನನ್ನನ್ನು ಕೈಬಿಟ್ಟಿದ್ದೀ" ಅಂತ 22ನೇ ಕೀರ್ತನೆ ಕೂಗಿದವನು. ನನ್ನ ಹೆಂಡತಿ ಹೋದ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೊಂದೇ.

ಶಿರಸಿಯ ನೆರೆಯವ

ನಾನು ಕ್ರೈಸ್ತ ಅಲ್ಲ. ಆದರೂ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಡಿಸೆಂಬರ್ 3ಕ್ಕೆ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ನಮ್ಮ ಮನೆಯವರೂ ಮೇಣದ ಬತ್ತಿ ಹಚ್ಚಿ ಬರುವುದುಂಟು. ಅಲ್ಲಿಗೆ ಎಲ್ಲ ಜಾತಿಯವರೂ ಬರುತ್ತಾರೆ.

ನಮ್ಮಲ್ಲಿ ಕಷ್ಟ ಬಂದರೆ ಕರ್ಮ ಅನ್ನುತ್ತೇವೆ. ಅದರಲ್ಲೂ ಒಂದು ಸಮಾಧಾನ ಇದೆ, ಕೆಲವು ಸಲ ಕ್ರೌರ್ಯವೂ ಇದೆ. ಅಮ್ಮ ಹಾಸಿಗೆ ಹಿಡಿದಾಗ ಪಕ್ಕದ ಮನೆಯ ಕ್ರೈಸ್ತ ಅಜ್ಜಿ ದಿನಾ ಸಂಜೆ ಬಂದು ಕಾಲು ಒತ್ತುತ್ತಿದ್ದಳು. ಮತದ ಮಾತೇ ಎತ್ತಲಿಲ್ಲ. ಒಮ್ಮೆ ನಾನೇ ಕೇಳಿದೆ, ಯಾಕಜ್ಜಿ ಇಷ್ಟು ಮಾಡುತ್ತೀರಿ ಅಂತ. "ನನ್ನ ಮಗ ಸತ್ತಾಗ ಇಗರ್ಜಿಯವರು ತಿಂಗಳುಗಟ್ಟಲೆ ನನ್ನ ಒಲೆ ಹಚ್ಚಿಕೊಟ್ಟರು ಮಗಾ" ಅಂದಳು. ಅಷ್ಟೇ ಉತ್ತರ. ಇದು ನಿಮ್ಮ ಧರ್ಮದಲ್ಲಿ ಹೇಳಿಕೊಟ್ಟದ್ದಾ, ಅಥವಾ ಆ ಅಜ್ಜಿಯ ಗುಣವಾ?

ಹೊನ್ನಾವರ ನರ್ಸ್

ಅಣ್ಣಾ, ಎರಡೂ. ಆ ಅಜ್ಜಿ ಹೇಳಿದ್ದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 1:4ರ ಮಾತೇ. ನಮ್ಮ ಎಲ್ಲ ಕಷ್ಟಗಳಲ್ಲಿ ದೇವರು ನಮ್ಮನ್ನು ಸಂತೈಸುತ್ತಾನೆ, ಆ ಸಂತೈಕೆಯಿಂದಲೇ ನಾವು ಬೇರೆಯವರನ್ನು ಸಂತೈಸಲಿಕ್ಕಾಗಿ. ಮೇಷ್ಟ್ರು ಮೇಲೆ ಹೇಳಿದ, ಪೌಲ ಬದುಕುವ ಆಸೆ ಬಿಟ್ಟ ಮಾತು ಇದರ ಬೆನ್ನಿಗೇ ಬರುತ್ತದೆ. ನನ್ನ ಪ್ರಕಾರ ಬೈತಖೋಲ್ ಅಕ್ಕ ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸಮಾಧಾನ, ಉದ್ದೇಶ ಬೇರೆ ಬೇರೆ ಅಲ್ಲ. ಯಾಕೆ ಬಂತು ಅನ್ನುವುದಕ್ಕೆ ಉತ್ತರ ಸಿಗದೆ ಹೋಗಬಹುದು. ಬಂದದ್ದರಿಂದ ಯಾರಿಗೆ ಕೈ ಚಾಚಬಹುದು ಅನ್ನುವುದಕ್ಕೆ ಸಿಗುತ್ತದೆ.

ಹಳಿಯಾಳ ಸಿದ್ದಿ

ನಾವು ಕ್ರೈಸ್ತ ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ತಂದರು. ಗೋವೆಯಿಂದ ತಪ್ಪಿಸಿಕೊಂಡು ಬಂದವರು ಈ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇದ್ದೇವೆ. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಅಲ್ಲಿಯ ತನಕ ಲೆಕ್ಕಕ್ಕೇ ಇರಲಿಲ್ಲ.

ಯಜಮಾನರು ಶಿಲುಬೆ ತೋರಿಸಿಯೇ ನಮ್ಮವರನ್ನು ಮಾರಿದರಲ್ಲ, ಮತ್ತೆ ಆ ಶಿಲುಬೆಯನ್ನು ಯಾಕೆ ಹಿಡಿದಿದ್ದೀರಿ ಅಂತ ಕಾಲೇಜಿನಲ್ಲಿ ಗೆಳೆಯರು ಕೇಳುತ್ತಿದ್ದರು. ಅಜ್ಜಿಯನ್ನು ಕೇಳಿದೆ. ಶಿಲುಬೆ ಮೇಲೆ ಇರುವವನು ಹೊಡೆದವನಲ್ಲ, ಹೊಡೆಸಿಕೊಂಡವನು, ಅವನು ನಮ್ಮವನು ಅಂದಳು. ಇದಕ್ಕಿಂತ ದೊಡ್ಡ ದೇವಶಾಸ್ತ್ರ ನಾನು ಕೇಳಿಲ್ಲ.

ಅಕ್ಕ, ನಮ್ಮಲ್ಲಿ ಸಾವಿನ ಮನೆಯಲ್ಲಿ ಯಾರನ್ನೂ ಒಂಟಿಯಾಗಿ ಅಳಲು ಬಿಡುವುದಿಲ್ಲ. ರಾತ್ರಿಯಿಡೀ ಕೂರುತ್ತೇವೆ. ನಿಮಗೆ ಹಾಡಲು ಆಗದಿದ್ದರೆ ಬಿಡಿ. ಪಕ್ಕದವರು ಹಾಡಲಿ. ಸಭೆ ಇರುವುದೇ ಅದಕ್ಕಲ್ವಾ?

ಅರ್ಗಾ ಬಿಟ್ಟವರು

ನಮ್ಮದು ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರ ಕುಟುಂಬ. ಮನೆ, ತೆಂಗಿನ ತೋಟ, ಬಾವಿ ಎಲ್ಲ ನೌಕಾನೆಲೆಗೆ ಹೋಯಿತು. ಅಂಜುದೀವ್ ದ್ವೀಪದ ಬ್ರೋತಸ್ ಮಾತೆಯ ಹಬ್ಬಕ್ಕೆ ದೋಣಿ ಹತ್ತುತ್ತಿದ್ದೆವು, ಈಗ ಅಲ್ಲಿಗೂ ಸಾರ್ವಜನಿಕರನ್ನು ಬಿಡುವುದಿಲ್ಲ. ಪುನರ್ವಸತಿ ಕಾಲೊನಿಗೆ ಬಂದ ವರ್ಷವೇ ಅಮ್ಮ ಅಂಗಳದಲ್ಲಿ ಒಂದು ಖುರಿಸು (ಶಿಲುಬೆ) ನಿಲ್ಲಿಸಿದಳು. ಗುರುತಿಲ್ಲದ ಬೀದಿಯವರೆಲ್ಲ ಲದಿನ್ ಪ್ರಾರ್ಥನೆ ಹಾಡಲು ಅಲ್ಲಿಗೇ ಬಂದರು. ಅಲ್ಲೇ ನಮಗೆ ನೆರೆಹೊರೆ ಹುಟ್ಟಿತು. ಹೆಚ್ಚೇನೂ ಹೇಳಲು ಇಲ್ಲ. ಅಕ್ಕನಿಗೆ ಒಳ್ಳೆಯದಾಗಲಿ.

ಬೈತಖೋಲ್ ಅಕ್ಕ

ಎಲ್ಲವನ್ನೂ ಓದಿದೆ. ರಾತ್ರಿ ಮನೆಯವರಿಗೂ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಯೊವಾನ್ನನ ಸುವಾರ್ತೆಯ ಕೊನೆಯ ಅಧ್ಯಾಯ ಓದು ಅಂದರು. ಶಿಷ್ಯ ಪೇತ್ರ ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಬರುವ ಕಥೆ. ದಂಡೆಯಲ್ಲಿ ಯೇಸುಸ್ವಾಮಿ ಕೆಂಡದ ಮೇಲೆ ಮೀನು ಸುಡುತ್ತಾ ನಿಂತಿರುತ್ತಾರೆ, ಬನ್ನಿ ತಿನ್ನಿ ಅನ್ನುತ್ತಾರೆ. "ಬಲೆಯಲ್ಲಿ ಎಷ್ಟು ಮೀನು ಬಂತು ಅಂತಲೂ ಬರೆದಿದ್ದಾರೆ, 153. ಬರೆದವನು ಮೀನುಗಾರನೇ ಇರಬೇಕು" ಅಂದರು. ಕಾಯಿಲೆ ಬಂದ ಮೇಲೆ ಅವರು ಕಡಲಿನ ಮಾತು ಎತ್ತಿದ್ದೇ ಅವತ್ತು.

ನರ್ಸ್ ಸಿಸ್ಟರ್, ಊಟ ಮಾಡುತ್ತಿದ್ದೀರಾ ಅಂತ ಕೇಳಿದಿರಲ್ಲ. ಅದನ್ನು ಓದಿಯೇ ನಾನು ಅತ್ತಿದ್ದು. ಕಾರ್ಡ್ ಮಾಡಿಸಿದೆ, ಉಚಿತವಾಗಿಯೇ ಆಗುತ್ತಿದೆ.

ಕಡಲತೀರದ ದೀಪ

ಅಕ್ಕ, ಮೇಷ್ಟ್ರೇ, ನಾನು ಎಲ್ಲ ಓದುತ್ತಿದ್ದೇನೆ. ಆದರೆ ನನ್ನದೂ ಒಂದು ಅನುಭವ ಇದೆ, ಅದನ್ನು ಬಿಟ್ಟುಕೊಡಲು ಆಗುವುದಿಲ್ಲ. ನನ್ನ ಮಗ ಬೈಕಿನಿಂದ ಬಿದ್ದು ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ. ಆ ತಿಂಗಳುಗಳಲ್ಲೇ ನಾನು ಕುಡಿತ ಬಿಟ್ಟೆ, ದೇವರ ಹತ್ತಿರ ಮರಳಿದೆ. ದೇವರೇ ಅದನ್ನು ಕಳಿಸಿದ ಅಂತ ನಾನು ನಂಬುತ್ತೇನೆ. ಇದು ತಪ್ಪಾ?

ಕುಮಟಾ ಮೇಷ್ಟ್ರು

ನಿಮ್ಮ ಬದುಕಿನ ಬಗ್ಗೆ ನೀವು ಮೊಣಕಾಲೂರಿ ಹೇಳಿದ ಮಾತಿಗೆ ನಾನು ತಲೆಬಾಗುತ್ತೇನೆ. ಯೋಸೇಫನೂ ತನ್ನನ್ನು ಮಾರಿದ ಅಣ್ಣಂದಿರಿಗೆ ಹಾಗೇ ಹೇಳಿದ. ನೀವು ಕೇಡು ಬಯಸಿದಿರಿ, ದೇವರು ಅದರಿಂದ ಮೇಲು ಮಾಡಿದ ಅಂದ. ಆದರೆ ಗಮನಿಸಿ, ಅದನ್ನು ಹೇಳಿದ್ದು ಯೋಸೇಫ. ಅವನು ಗುಂಡಿಯಲ್ಲಿದ್ದಾಗ ದಂಡೆ ಮೇಲೆ ನಿಂತವರು ಹೇಳಿದ್ದಲ್ಲ. ಹೇಳಿದ್ದೂ ಎಷ್ಟೋ ವರ್ಷ ಆದ ಮೇಲೆ. ನಿಮ್ಮ ಕಷ್ಟದ ಅರ್ಥ ನೀವು ಹೇಳಿ. ಇನ್ನೊಬ್ಬರ ಕಷ್ಟದ ಅರ್ಥವನ್ನು ಅವರ ಪರವಾಗಿ ನಾವು ಹೇಳಬಾರದು. ನನ್ನ ತಕರಾರು ಇಷ್ಟೇ.

ಇದೇ ಮಾತಿಗೆ ಸಂತ ಜೋಸೆಫ್ ವಾಜ್ ಅವರ ನೆನಪು ಬರುತ್ತದೆ. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದವರು. 1681ರಿಂದ ಮೂರು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ಕೆಲಸ ಮಾಡಿದರು. ಬರಿಗಾಲಲ್ಲಿ ಊರೂರು ಸುತ್ತಿದರು. ಆಮೇಲೆ ಸಿಲೋನಿಗೆ ಕೂಲಿಯ ವೇಷದಲ್ಲಿ ಹೋದರು, ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ಬಿಡುತ್ತಿರಲಿಲ್ಲ. ಕ್ಯಾಂಡಿಯ ಅರಸ ಪೋರ್ಚುಗೀಸರ ಗೂಢಚಾರ ಅಂದುಕೊಂಡು ಸೆರೆಗೆ ಹಾಕಿದ. ಸೆರೆಮನೆಯಲ್ಲಿ ಅವರು ಮಾಡಿದ್ದೇನು ಗೊತ್ತೇ? ಸಿಂಹಳ ಭಾಷೆ ಕಲಿತರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದಾಗ ಅರಸನೂ ಊರು ಬಿಟ್ಟ. ಇವರು ಅಲ್ಲೇ ಉಳಿದು, ಬೀದಿಯಲ್ಲಿ ಬಿದ್ದವರ ಆರೈಕೆ ಮಾಡಿದರು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಸಾರಿದರು. ಸೆರೆಗೆ ಯಾಕೆ ಬಿದ್ದೆ ಅಂತ ಅವರು ಕೇಳಿದರೋ ಇಲ್ಲವೋ. ಅಲ್ಲಿ ಕೂತೇ ಮುಂದಿನ ಕೆಲಸಕ್ಕೆ ತಯಾರಾದರು.

ಹೆಸರು ಬೇಡ

ಮೇಷ್ಟ್ರೇ, ಅಮ್ಮನಿಗೆ ತ್ರೊಫಿಮನ ವಿಷಯ ಓದಿ ಹೇಳಿದೆ. "ಪೌಲನಿಗೂ ವಾಸಿ ಮಾಡಲಾಗಲಿಲ್ಲವಾ?" ಅಂತ ಎರಡೆರಡು ಸಲ ಕೇಳಿದಳು. ಇವತ್ತು ಇನ್ಸುಲಿನ್ ಹಾಕಿಸಿಕೊಳ್ಳುವಾಗ ಅಳಲಿಲ್ಲ.

ಬೈತಖೋಲ್ ಅಕ್ಕ

ಸ್ವಲ್ಪ ದಿನದ ನಂತರ ಬರೆಯುತ್ತಿದ್ದೇನೆ. ಒಂದು ವಿಷಯ ಹೇಳಬೇಕಿತ್ತು.

ಡಯಾಲಿಸಿಸ್ ಹೊರಗಿನ ಬೆಂಚಿನಲ್ಲಿ ಜೋಯ್ಡಾ ಕಡೆಯ ಕುಣಬಿ ಸಮುದಾಯದ ಹೆಂಗಸೊಬ್ಬಳು ಕೂರುತ್ತಾಳೆ. ಮಗನಿಗಾಗಿ ಬರುತ್ತಾಳೆ, ಚಿಕ್ಕ ಪ್ರಾಯದ ಹುಡುಗ. ಬೆಳಗಿನ ಬಸ್ಸು ಹಿಡಿದು ಘಟ್ಟ ಇಳಿದು ಬರಬೇಕು. ಇಷ್ಟು ದಿನ ಪಕ್ಕದಲ್ಲೇ ಕೂತರೂ ನಾವು ಮಾತಾಡಿರಲಿಲ್ಲ. ಮೊನ್ನೆ ನಾನು ಅವಲಕ್ಕಿ ಒಯ್ದಿದ್ದೆ, ಅರ್ಧ ಕೊಟ್ಟೆ. ಅವಳು ಕೊಂಕಣಿಯಲ್ಲಿ ಮಾತು ಶುರು ಮಾಡಿದಳು. ಹುಡುಗ ಬಾಯಾರಿಕೆ ತಡೆಯಲಾರದೆ ಕದ್ದು ನೀರು ಕುಡಿಯುತ್ತಾನಂತೆ, ಮೈ ಬಾತುಕೊಳ್ಳುತ್ತದಂತೆ. ನಾನು ನಮ್ಮ ಮನೆಯವರಿಗೆ ಮಾಡುವುದನ್ನು ಹೇಳಿಕೊಟ್ಟೆ. ದಿನದ ನೀರನ್ನು ಒಂದೇ ಬಾಟಲಿಯಲ್ಲಿ ಅಳೆದಿಡುವುದು, ಬಾಯಿ ಮುಕ್ಕಳಿಸಿ ಉಗಿಯುವುದು, ಚಿಕ್ಕ ಲೋಟದಲ್ಲಿ ಕುಡಿಯುವುದು. ಹಿಂದಿನ ವರ್ಷ ಇದೆಲ್ಲ ನನಗೂ ಗೊತ್ತಿರಲಿಲ್ಲ. ಅಳುತ್ತಾ ಕಲಿತದ್ದು.

ಅವಳಿಗೆ ಅದನ್ನು ಹೇಳುವಾಗ, ಇದನ್ನು ಹೇಳಲು ನನ್ನಷ್ಟು ಗೊತ್ತಿರುವವರು ಆ ಬೆಂಚಿನಲ್ಲಿ ಬೇರೆ ಯಾರೂ ಇಲ್ಲ ಅನಿಸಿತು. ಅವಳಿಗೆ ಸಹಾಯ ಆಗಲಿ ಅಂತ ದೇವರು ನನ್ನ ಗಂಡನಿಗೆ ಈ ಕಾಯಿಲೆ ಕೊಟ್ಟ ಅಂತ ನಾನು ಹೇಳುವುದಿಲ್ಲ. ಯಾರಾದರೂ ಹೇಳಿದರೆ ಒಪ್ಪುವುದೂ ಇಲ್ಲ. ಆದರೆ ಆ ದಿನ ದೇವರು ಸುಮ್ಮನಿದ್ದಾನೆ ಅಂತ ಅನಿಸಲಿಲ್ಲ. ರಾತ್ರಿ ತೇರ್ಸದಲ್ಲಿ ಅವಳ ಮಗನ ಹೆಸರು ಹೇಳಿದೆ. ತುಂಬ ದಿನದ ಮೇಲೆ ನನ್ನ ಬಾಯಿಂದ ಬಂದ ಪ್ರಾರ್ಥನೆ ಅದೇ.

ನನಗಾಗಿ ಬೇಡಲು ಇನ್ನೂ ಆಗುತ್ತಿಲ್ಲ. ಇರಲಿ.

ಶಿರಸಿಯ ನೆರೆಯವ

ಅಕ್ಕ, ಜೋಯ್ಡಾದ ಆ ತಾಯಿಗೆ ಬಸ್ಸಿನ ಖರ್ಚಿಗೆ ನಾನು ಸ್ವಲ್ಪ ಕಳಿಸಬಹುದಾ? ಹೆಸರು ಹೇಳುವುದು ಬೇಡ.

ಕಡಲತೀರದ ದೀಪ

ನಾನು ಕಾರವಾರದಲ್ಲೇ ಇದ್ದೇನೆ. ಬೆಂಚಿನಲ್ಲಿ ಕೂರುವವರಿಗೆ ಮಧ್ಯಾಹ್ನ ಗಂಜಿ ತಂದುಕೊಡಬಲ್ಲೆ. ವಚನ ಹೇಳುವುದಿಲ್ಲ, ಗಂಜಿ ಮಾತ್ರ. ನರ್ಸ್ ಸಿಸ್ಟರ್, ರೋಗಿಗಳಿಗೂ ಕೊಡಬಹುದಾ?

ಹೊನ್ನಾವರ ನರ್ಸ್

ರೋಗಿಗಳಿಗೆ ಬೇಡ ಅಣ್ಣಾ. ಅವರಿಗೆ ನೀರು, ಉಪ್ಪು ಎಲ್ಲ ಲೆಕ್ಕ, ಅಲ್ಲಿಯ ಡಯಟಿಶಿಯನ್ ಹೇಳಿದ್ದನ್ನೇ ಕೊಡಬೇಕು. ಜೊತೆಗೆ ಬಂದವರಿಗೆ ಕೊಡಿ. ಒಳಗೆ ತರುವ ಮೊದಲು ಘಟಕದವರನ್ನು ಕೇಳಿ. ಉಪ್ಪಿನಕಾಯಿ ಬೇರೆ ಡಬ್ಬಿಯಲ್ಲಿರಲಿ, ರೋಗಿಗಳಿಗೆ ವಾಸನೆ ಬಂದರೆ ಆಸೆಯಾಗುತ್ತದೆ, ಪಾಪ.

ಬೈತಖೋಲ್ ಅಕ್ಕ

ಗಂಜಿಗೆ ತುಂಬ ಜನ ಕಾಯುತ್ತಾರೆ, ಖಂಡಿತ ತನ್ನಿ. ಶ್ರೀಮಂತಿಕೆ ಏನೂ ಬೇಡ, ಬಿಸಿ ಇದ್ದರೆ ಸಾಕು. ಶಿರಸಿ ಅಣ್ಣಾ, ಅವಳನ್ನು ಕೇಳಿ ಹೇಳುತ್ತೇನೆ, ಅವಳಿಗೆ ಸಂಕೋಚ ಜಾಸ್ತಿ. ಇನ್ನೊಂದು ತೊಂದರೆ ಇದೆ. ಮಧ್ಯಾಹ್ನದ ಪಾಳಿಯವರಿಗೆ ಮುಗಿಯುವಾಗ ಕತ್ತಲಾಗುತ್ತದೆ. ಅಂಕೋಲಾ ಕಡೆಯ ಇಬ್ಬರು ವಯಸ್ಸಾದವರಿದ್ದಾರೆ, ಡಯಾಲಿಸಿಸ್ ಆದ ಮೇಲೆ ಬಸ್ಸಿನಲ್ಲಿ ನಿಲ್ಲಲು ಆಗುವುದಿಲ್ಲ. ಆ ಕಡೆ ಹೋಗುವ ಗಾಡಿ ಯಾರದಾದರೂ ಇದ್ದರೆ ಹೇಳಿ.

ಅಂಕೋಲಾ 66

ಸೋಮವಾರ, ಗುರುವಾರ ನಾನು ಕೆಲಸಕ್ಕೆ ಕಾರವಾರಕ್ಕೆ ಬರುತ್ತೇನೆ. ಸಂಜೆ ಏಳರ ಮೇಲೆ ಹೊರಡುವುದು. ಕಾರಿನಲ್ಲಿ ಹಿಂದಿನ ಸೀಟು ಖಾಲಿ ಇರುತ್ತದೆ. ಅವರ ಮನೆ ಬಾಗಿಲ ತನಕ ಬಿಡುತ್ತೇನೆ. ಯಾವ ಗೇಟಿನ ಹತ್ತಿರ ನಿಲ್ಲಬೇಕು ಅಂತ ತಿಳಿಸಿ.